ಪೂರ್ಣವಿರಾಮದ ಕನ್ನಡಕ

ಕನ್ನಡಕ ತೆಗೆಯುವುದನ್ನು ಅಭ್ಯಾಸ ಮಾಡಲು ಹೋಗಿಯೇ ಅವನು ಕನ್ನಡಕ ಒಡೆದುಕೊಂಡದ್ದು.

ಬೆಳಿಗ್ಗೆ ಎದ್ದವನೇ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತ. ಎಡಗೈಯಲ್ಲಿ ಇಲ್ಲದ ಗಿಟಾರಿನ ಕತ್ತು ಹಿಡಿದು, ಬಲಗೈಯಿಂದ ಕನ್ನಡಕವನ್ನು ಮೆಲ್ಲಗೆ ತೆಗೆದು ಎದೆಯ ಮಟ್ಟಕ್ಕೆ ತಂದ. ಮೊದಲ ಸಲ ತೀರಾ ಅವಸರವಾಯಿತು ಅನ್ನಿಸಿತು. ಎರಡನೆಯ ಸಲ ಕಣ್ಣಿಗೆ ಧೂಳು ಬಿದ್ದವನು ತೆಗೆದ ಹಾಗಿತ್ತು. ಮೂರನೆಯ ಸಲ ಕೈಗೆ ಒಂದು ಗಾಂಭೀರ್ಯ ಬಂತು. ಆ ಗಾಂಭೀರ್ಯದಲ್ಲೇ ಮೊಣಕೈ ಸೋಪಿನ ಡಬ್ಬಿಗೆ ತಗುಲಿ ಕನ್ನಡಕ ಕೈಜಾರಿ ನೆಲಕ್ಕೆ ಬಿತ್ತು. ಬಿದ್ದದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಹುಡುಕಲೆಂದು ಅವನಿಟ್ಟ ಮೊದಲ ಹೆಜ್ಜೆ ಮಾತ್ರ ಸರಿಯಾಗಿ ಅದರ ಮೇಲೇ ಬಿತ್ತು.

"ರೀ, ಏನು ಒಡೀತು?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು.

"ಇವತ್ತಿನ ಕಾರ್ಯಕ್ರಮ" ಎಂದ ಅವನು.

ಒಂದು ಕನ್ನಡಕ ಒಡೆದರೆ ಇಷ್ಟು ಸಂಕಟವೇ ಎನ್ನುವವರಿಗೆ ಅವನ ತಂಡದ ವಿಷಯ ಸ್ವಲ್ಪ ಹೇಳಬೇಕು. ಅದು ಮೂವರ ರಾಕ್ ತಂಡ. ಗಿಟಾರ್ ನುಡಿಸುವವರು ಮೇಷ್ಟ್ರು. ಹಗಲು ಟ್ಯುಟೋರಿಯಲ್ಲಿನಲ್ಲಿ ಲೆಕ್ಕ ಹೇಳಿಕೊಡುತ್ತಾರೆ, ಗಂಟೆ ಹೊಡೆದರೂ ಪಾಠ ನಿಲ್ಲಿಸದ ಆಸಾಮಿ. ಡ್ರಮ್ಸ್ ಬಾರಿಸುವವನು ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದಾನೆ. ಕಲಿಯುವವರ ಪಕ್ಕದಲ್ಲಿ ಕೂತು ಕೂತು, ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಡಗಾಲಲ್ಲಿ ಏನನ್ನೋ ಒತ್ತುವ ಅಭ್ಯಾಸವಾಗಿ, ಎಲ್ಲರ ಬಾಯಲ್ಲೂ ಕ್ಲಚ್ ಎಂದೇ ಆಗಿಬಿಟ್ಟಿದ್ದಾನೆ. ಮೂರನೆಯವನು ನಮ್ಮವನು. ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರಿನಲ್ಲಿ ಗುಮಾಸ್ತ, ಸಂಜೆ ಬೇಸ್ ಗಿಟಾರ್. ಬೇಸ್ ಅಂದರೆ ಇದ್ದಾಗ ಯಾರ ಕಿವಿಗೂ ಬೀಳದ, ಇಲ್ಲದಿದ್ದರೆ ಏನೋ ಕಡಿಮೆಯಾಗಿದೆ ಎಂದು ಎಲ್ಲರಿಗೂ ಅನ್ನಿಸುವ ದಪ್ಪ ನಾದ. ಮನುಷ್ಯನೂ ಹೆಚ್ಚುಕಡಿಮೆ ಹಾಗೇ.

ಇವರ ಸಂಗೀತದಲ್ಲಿ ಹಾಡಿಲ್ಲ, ಮಾತಿಲ್ಲ, ಮೊದಲೇ ಗೊತ್ತುಮಾಡಿಕೊಂಡ ಧಾಟಿಯೂ ಇಲ್ಲ. ವೇದಿಕೆ ಹತ್ತುವವರೆಗೂ ಏನು ನುಡಿಸುತ್ತೇವೆಂದು ಮೂವರಿಗೂ ಗೊತ್ತಿರುವುದಿಲ್ಲ, ಇಳಿದ ಮೇಲೆ ಏನು ನುಡಿಸಿದೆವೆಂದು ನೆನಪಿರುವುದೂ ಇಲ್ಲ. ಮೊದಲ ಕಾರ್ಯಕ್ರಮದ ದಿನ ತಂಡದ ಹೆಸರೇನು ಎಂದು ಕೇಳಿದವನಿಗೆ ಮೇಷ್ಟ್ರು "ನೋಡೋಣ" ಎಂದಿದ್ದರು. ಕೇಳಿದವನು ಹಾಗೇ ಬರೆದುಕೊಂಡ. ಅಂದಿನಿಂದ ತಂಡದ ಹೆಸರು 'ನೋಡೋಣ'.

ಹನ್ನೊಂದು ವರ್ಷದಲ್ಲಿ 'ನೋಡೋಣ' ಕಂಡ ಏಳುಬೀಳುಗಳಲ್ಲಿ ಏಳು ಯಾವುದು ಎಂದು ಹುಡುಕಿ ಹೇಳಬೇಕು. ಮೊಬೈಲ್ ಅಂಗಡಿಯ ಉದ್ಘಾಟನೆಯಲ್ಲಿ ನುಡಿಸಿದರು. ಹೋಟೆಲೊಂದರ ತಾರಸಿಯ ಮೇಲೆ ನುಡಿಸಿದರು. ಅಲ್ಲಿ ಮಾಲೀಕ ಸದ್ದು ಕಡಿಮೆ ಮಾಡಿ ಕಡಿಮೆ ಮಾಡಿ ಎನ್ನುತ್ತಾ ಹೋಗಿ, ಕೊನೆಗೆ ಗಿರಾಕಿಗಳ ಚಮಚದ ಸದ್ದೇ ಮೇಲಾಯಿತು. ಒಂದು ಸಿ.ಡಿ.ಯನ್ನೂ ಹೊರತಂದರು. ಉಳಿದ ಪ್ರತಿಗಳು ಈಗ ಕ್ಲಚ್‌ನ ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ತೂಗಾಡುತ್ತ, ಹಿಂದಿನ ಗಾಡಿಯವರ ಕಣ್ಣಿಗೆ ಬಿಸಿಲು ಕುಕ್ಕಿಸುತ್ತಿವೆ. ಎಲ್ಲಿ ಹೋದರೂ ಜನ ಕೇಳುವುದು ಒಂದೇ ಪ್ರಶ್ನೆ: "ಹಾಡೋರು ಯಾವಾಗ ಬರ್ತಾರೆ?"

ಹೀಗೆ ಮನಸ್ಸಿಗೆ ಬಂದದ್ದನ್ನು ನುಡಿಸುವವರಿಗೆ ಶುರು ಮಾಡುವುದು ಸುಲಭ, ನಿಲ್ಲಿಸುವುದೇ ಕಷ್ಟ. ಒಮ್ಮೆ ಒಂದು ಕಾಲೇಜಿನಲ್ಲಿ ಮೇಷ್ಟ್ರು ಕ್ಲಚ್ ನಿಲ್ಲಿಸಲಿ ಎಂದು ಕಾದರು, ಕ್ಲಚ್ ಮೇಷ್ಟ್ರು ನಿಲ್ಲಿಸಲಿ ಎಂದು ಕಾದ. ಕಾಯುತ್ತ ಇಬ್ಬರೂ ನುಡಿಸುತ್ತಲೇ ಇದ್ದರು. ಪ್ರೇಕ್ಷಕರು ಎದ್ದು ಹೋದರು, ಕುರ್ಚಿಗಳು ಒಂದೊಂದಾಗಿ ಮಡಚಿಕೊಂಡವು, ಫ್ಯಾನುಗಳು ನಿಂತವು. ಕೊನೆಗೆ ಬೆವರು ಒರೆಸಿಕೊಳ್ಳಲೆಂದು ನಮ್ಮವನು ಕನ್ನಡಕ ತೆಗೆದ. ಅದೇ ಸೂಚನೆ ಎಂದುಕೊಂಡು ಇಬ್ಬರೂ ತಾಳದ ನಾಲ್ಕೇ ಪೆಟ್ಟಿನಲ್ಲಿ ಒಟ್ಟಿಗೆ ನಿಲ್ಲಿಸಿದರು. ಕುರ್ಚಿ ಮಡಿಸುತ್ತಿದ್ದವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಆವತ್ತಿನಿಂದ ಅದೇ ನಿಯಮವಾಯಿತು. ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರೆ ಮುಗಿಯಿತು ಎಂದು ಅರ್ಥ. ಅದಕ್ಕೇ ಅವನಿಗೆ ಪೂರ್ಣವಿರಾಮ ಎಂದು ಹೆಸರು ಬಿದ್ದದ್ದು.

ಹೋದ ವಾರ ಕ್ಲಚ್‌ನ ಗ್ಯಾರೇಜಿಗೆ ಬಂದಾಗ, ಒಳಗೆ ಮೇಷ್ಟ್ರು ಆಡುತ್ತಿದ್ದ ಮಾತು ಅವನ ಕಿವಿಗೆ ಬಿದ್ದಿತ್ತು. ಕಾಲಲ್ಲಿ ಒತ್ತಿದರೆ ಬೇಸ್ ನಾದ ತಾನಾಗಿ ಬರುವ ಪೆಡಲ್ ಒಂದು ಬಂದಿದೆಯಂತೆ, ನೋಡಬಹುದಲ್ಲ ಎಂದು ಮೇಷ್ಟ್ರು. ಹಾಗಾದರೆ ನಿಲ್ಲಿಸುವವರು ಯಾರು ಎಂದು ಕ್ಲಚ್. ಮೇಷ್ಟ್ರು, "ಹೌದು, ಅದೊಂದಕ್ಕೆ ಅವನು ಬೇಕು ಕಣಯ್ಯ" ಎಂದಿದ್ದರು. ಅದೊಂದಕ್ಕೆ ಎಂಬ ಮಾತು ಅವನಿಗೆ ಎರಡು ದಿನ ಊಟ ಸೇರದ ಹಾಗೆ ಮಾಡಿತು. ಮೂರನೆಯ ದಿನ, ಒಂದಾದರೂ ಇದೆಯಲ್ಲ ಎಂದು ಸಮಾಧಾನವಾಯಿತು. ಆ ಒಂದನ್ನು ಯಾರೂ ತಪ್ಪು ಹುಡುಕದಂತೆ ಮಾಡಬೇಕೆಂದೇ ಈ ಬಚ್ಚಲುಮನೆಯ ಅಭ್ಯಾಸ.

ಕನ್ನಡಕ ಒಡೆದದ್ದೂ ಇವತ್ತೇ. ಊರಿನ ದೊಡ್ಡ ಸಭಾಂಗಣದಲ್ಲಿ ಸಂಜೆ ಐದು ತಂಡಗಳು ನುಡಿಸಲಿದ್ದವು. ಹನ್ನೆರಡು ಊರು ಸುತ್ತುವ ಪ್ರವಾಸಕ್ಕೆ ಅವುಗಳಲ್ಲಿ ಒಂದನ್ನು ಆಯ್ದುಕೊಳ್ಳಲು ಸಂಯೋಜಕಿ ಮೇಡಂ ಬರುವವರಿದ್ದರು. ಪ್ರತಿ ತಂಡಕ್ಕೆ ಇಪ್ಪತ್ತೇ ನಿಮಿಷ. ಕೊನೆಯದು 'ನೋಡೋಣ'. ಸರಿಯಾಗಿ ಮುಗಿಸಿದರೆ ಹನ್ನೊಂದು ವರ್ಷ ಸಾರ್ಥಕವಾಗುತ್ತದೆ. ಎಳೆದರೆ ಪೆಡಲ್ ಬರುತ್ತದೆ.

ಕನ್ನಡಕದ ಅಂಗಡಿಯವನು ಎರಡು ದಿನ ಬೇಕು ಎಂದ. ಹಳೆಯ ಜೋಡಿ ಯಾವುದೂ ಮನೆಯಲ್ಲಿರಲಿಲ್ಲ. ದೂರದ್ದು ಹಾಗಿರಲಿ, ಚಾಚಿದ ತನ್ನ ಕೈಯೇ ಬೇರೆಯವರದ್ದೇನೋ ಅನ್ನುವಷ್ಟು ಮಂಜು. ಬಸ್ಸಿನಲ್ಲಿ ಯಾರದೋ ತೊಡೆಯನ್ನು ಸೀಟೆಂದುಕೊಂಡು ಬೈಸಿಕೊಂಡು, ನಿಲ್ದಾಣದ ಬಾಗಿಲಲ್ಲಿ ತೂಕದ ಯಂತ್ರಕ್ಕೆ ನಮಸ್ಕಾರ ಹೇಳಿ, ಅವನು ಅಂತೂ ಕೌಂಟರು ಸೇರಿದ.

ಕೌಂಟರಿನಲ್ಲಿ ಅವನ ಜೊತೆ ಕೆಲಸ ಮಾಡುವ ಅಕ್ಕ ಒಬ್ಬರಿದ್ದರು. ಅಕ್ಕ ಎನ್ನುವುದು ವಯಸ್ಸಿಗೂ ಹೌದು, ಅಧಿಕಾರಕ್ಕೂ ಹೌದು. ಬೇರೆಯವರ ಕಷ್ಟ ಕಂಡರೆ ಅವರು ಸುಮ್ಮನಿರುವವರಲ್ಲ. ಕಷ್ಟಪಡುವವರು ಬೇಡವೆಂದರೂ ಬಿಡುವವರಲ್ಲ. ಇವನ ಬರಿಗಣ್ಣು ನೋಡಿದ್ದೇ ತಡ, ಕೆಳಗಿನ ಅರೆಯಿಂದ ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದು ಮೇಜಿನ ಮೇಲಿಟ್ಟರು. ರೈಲಿನಲ್ಲಿ ಜನ ಮರೆತುಹೋದ ಕನ್ನಡಕಗಳು. ಊರಿನ ಅರ್ಧದಷ್ಟು ಜನ ಕಣ್ಣಿಲ್ಲದೆ ಓಡಾಡುತ್ತಿರಬೇಕು ಎನ್ನಿಸುವಷ್ಟಿದ್ದವು.

"ಇದು ನಿಯಮಕ್ಕೆ ವಿರುದ್ಧ ಅಲ್ವಾ ಅಕ್ಕ?" ಎಂದ ಅವನು.

"ನೋಡಿದ್ರೆ ಕನ್ನಡಕ ಸವೆಯಲ್ಲ ಕಣಪ್ಪ. ನಾಳೆ ಬೆಳಿಗ್ಗೆ ವಾಪಸ್ ಹಾಕಿದ್ರಾಯ್ತು, ತಲೆ ಎತ್ತು."

ಒಂದಾದ ಮೇಲೊಂದು ಅವನ ಮೂಗಿನ ಮೇಲೆ ಏರಿ ಇಳಿದವು. ಒಂದರಲ್ಲಿ ಅಕ್ಕ ಗೊಂಬೆಯಷ್ಟು ಚಿಕ್ಕವರಾದರು. ಇನ್ನೊಂದರಲ್ಲಿ ನೆಲ ಎದ್ದು ಎದೆಗೆ ಬಂತು. ಅಷ್ಟರಲ್ಲಿ ಟಿಕೆಟ್ ಪರೀಕ್ಷಕರು ಬಂದು ದಪ್ಪ ಫ್ರೇಮೇ ಒಳ್ಳೆಯದು ಎಂದರು. ಚಹಾ ತರುವವನು ಗುಂಡನೆಯದು ಹಾಕಿದರೆ ಸಂಗೀತಗಾರನ ಕಳೆ ಬರುತ್ತದೆ ಎಂದ. ಸಾಮಾನು ಹೊರುವವರಿಬ್ಬರು ಹೊರೆ ಇಳಿಸಿ ನಿಂತು, ಪ್ರತಿ ಕನ್ನಡಕಕ್ಕೂ ತಲೆಯಾಡಿಸಿ ತೀರ್ಪು ಕೊಟ್ಟರು. ಕೊನೆಗೆ ಪೆಟ್ಟಿಗೆಯ ಮೇಲ್ಗಡೆಯೇ ಇದ್ದ, ಆ ದಿನ ಬೆಳಿಗ್ಗೆ ತಾನೇ ಬಂದಿದ್ದ ಒಂದು ಕಂದು ಜೋಡಿ ಏರಿಸಿದಾಗ ಅವನು "ಹಾ" ಎಂದ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಕಂಡಿತು, ಅದರ ಮೇಲೆ ಕೂತ ನೊಣ ಕಂಡಿತು, ನೊಣದ ಕಾಲೂ ಕಂಡವು.

ಒಂದೇ ತೊಂದರೆ. ಕನ್ನಡಕ ಸಡಿಲ. ತಲೆ ತಗ್ಗಿಸಿದರೆ ಮೂಗಿನ ತುದಿಗೆ ಜಾರುತ್ತಿತ್ತು. ಗಿಟಾರ್ ನುಡಿಸುವಾಗ ಬಿದ್ದುಬಿಟ್ಟರೆ ಗತಿಯೇನು ಎಂದು ಎಲ್ಲರೂ ಒಟ್ಟಿಗೆ ಯೋಚಿಸಿದರು. ಪರೀಕ್ಷಕರು ಅಂಟು ಎಂದರು, ಚಹಾದವನು ದಾರ ಎಂದ. ಅಕ್ಕ ಯಾರ ಮಾತೂ ಕೇಳದೆ ಇನ್ನೊಂದು ಪೆಟ್ಟಿಗೆಯಿಂದ ಯಾರೋ ಮರೆತ ಹೊಲಿಗೆಯ ಡಬ್ಬಿ ತೆಗೆದರು. ಮತ್ತೊಂದರಿಂದ ಅಗಲವಾದ ಎಲಾಸ್ಟಿಕ್ ಪಟ್ಟಿ ತೆಗೆದರು. ಕನ್ನಡಕದ ಎರಡೂ ಕಡ್ಡಿಗಳಿಗೆ ಬುಡದಿಂದ ತುದಿಯವರೆಗೆ ಪಟ್ಟಿ ಸುತ್ತಿ, ತಲೆಯ ಹಿಂದೆ ಬಿಗಿಯಾಗಿ ಎಳೆದು, ನೈಲಾನ್ ದಾರದಲ್ಲಿ ಎರಡೆರಡು ಸಲ ಹೊಲಿದು, ಹಲ್ಲಿನಿಂದ ದಾರ ಕಡಿದರು.

"ಈಗ ಭೂಕಂಪ ಆದ್ರೂ ಬೀಳಲ್ಲ, ಕುಣಿದು ನೋಡು."

ಅವನು ಕುಣಿದ. ಬೀಳಲಿಲ್ಲ. ಎಲ್ಲರಿಗೂ ಸಂತೋಷವಾಯಿತು. ಬೀಳದ ಕನ್ನಡಕ ತೆಗೆಯಲೂ ಬರುವುದಿಲ್ಲ ಎನ್ನುವುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಾಗ ಒಬ್ಬ ಹೆಂಗಸು ಕೌಂಟರಿಗೆ ಬಂದರು. ಎತ್ತರದ ಆಳು, ತೋಳಿನಲ್ಲಿ ಪುಟ್ಟ ಪೆಟ್ಟಿಗೆಯಷ್ಟು ದೊಡ್ಡ ಕೈಚೀಲ. ಬಂದವರೇ ಮೂಲೆಯ ಗೂಟಕ್ಕೆ ನೇತುಹಾಕಿದ್ದ, ಯಾರೋ ಮರೆತ ಕೋಟನ್ನು ತರಾಟೆಗೆ ತೆಗೆದುಕೊಂಡರು. ಬಂದು ಇಷ್ಟು ಹೊತ್ತಾಯಿತು, ಕೂತಲ್ಲಿಂದ ಏಳಲಿಕ್ಕೂ ಆಗುವುದಿಲ್ಲವೇ ಎಂದು ಕೋಟನ್ನು ಕೇಳಿದರು.

"ಅಮ್ಮ, ನಾನು ಈ ಕಡೆ ಇದ್ದೀನಿ" ಎಂದ ಅವನು.

ಅವರು ಧ್ವನಿ ಬಂದತ್ತ ತಿರುಗಿ, ತಪ್ಪು ತಮ್ಮದಲ್ಲ ಕಣ್ಣಿನದು ಎಂದರು. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ಹೋದ ತಿಂಗಳಷ್ಟೇ ನಿವೃತ್ತರಾದವರು. ಹಿಂದಿನ ದಿನ ರೈಲಿನಲ್ಲಿ ನಿದ್ದೆ ಹತ್ತಿ, ಇಳಿಯುವಾಗ ಕನ್ನಡಕ ಸೀಟಿನಲ್ಲೇ ಉಳಿಯಿತು. ಕಂದು ಬಣ್ಣದ್ದು. ಎಡಗಡೆ ಕಡ್ಡಿಯ ಸ್ಕ್ರೂ ಸಡಿಲವಾಗಿತ್ತೆಂದು ಅಲ್ಲಿಗೆ ಕೆಂಪು ಉಗುರುಬಣ್ಣದ ಒಂದು ಬೊಟ್ಟು ಇಟ್ಟಿದ್ದಾರೆ, ಅದೇ ಗುರುತು. ನಾಳೆ ಊರಿಗೆ ಹೊರಡಬೇಕು, ಯಾವುದು ಯಾವ ರೈಲೆಂದು ಹೇಗೆ ಓದುವುದು.

ಅವನಿಗೆ ಕರುಳು ಚುರುಕ್ ಎಂದಿತು. ಕಣ್ಣಿಲ್ಲದ ಕಷ್ಟ ಬೆಳಿಗ್ಗೆಯಷ್ಟೇ ಉಂಡವನು. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದು ಕನ್ನಡಕವನ್ನೂ ಎತ್ತಿ, ಎರಡೂ ಕಡ್ಡಿ ತಿರುಗಿಸಿ ನೋಡಿದ. ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಕೆಂಪು ಬೊಟ್ಟೊಂದು ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲ ಎಂಬ ಧೈರ್ಯ ಬೇರೆ. ವಾರ್ಡನ್ ಅಮ್ಮ ಮೇಜಿನ ಆಚೆ ಕಣ್ಣು ಕಿರಿದು ಮಾಡಿ ಅವನ ಮುಖವನ್ನೇ ದಿಟ್ಟಿಸುತ್ತಿದ್ದರು. ಅವರಿಗೆ ಕಾಣುತ್ತಿದ್ದದ್ದು ಮುಖದ ಜಾಗದಲ್ಲಿ ಒಂದು ಹಿಟ್ಟಿನ ಉಂಡೆ.

"ಇಲ್ಲಮ್ಮ" ಎಂದ ಅವನು, ಬೇಜಾರಿನಿಂದ. "ಆದ್ರೆ ಸಂಜೆ ಐದಕ್ಕೆ ಡಿಪೋದಿಂದ ಇನ್ನೊಂದು ಮೂಟೆ ಬರುತ್ತೆ. ಅದರಲ್ಲಿದ್ರೆ ನಾನೇ ತಂದುಕೊಡ್ತೀನಿ. ದೊಡ್ಡ ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮ ಇದೆ. ಮುಂದಿನ ಸಾಲಲ್ಲಿ ಕೂತಿರಿ, ಮುಗಿದ ತಕ್ಷಣ ಬರ್ತೀನಿ."

"ಮುಗಿಯೋದು ಎಷ್ಟು ಹೊತ್ತಿಗೆ?"

"ಅದು ನನ್ನ ಕೈಲೇ ಇರೋದು" ಎಂದ ಅವನು, ಸ್ವಲ್ಪ ಜಂಬದಿಂದಲೇ.

ಐದರ ಮೂಟೆಯಲ್ಲಿ ಕೊಡೆಗಳಿದ್ದವು, ಒಂದೇ ಕಾಲಿನ ಚಪ್ಪಲಿಗಳಿದ್ದವು, ಕನ್ನಡಕವಿರಲಿಲ್ಲ.

ಸಭಾಂಗಣದ ಬಾಗಿಲಲ್ಲಿ ಕಾವಲುಗಾರ ತಂಡದ ಮೂವರ ಪಾಸು ನೋಡಿ, ಹಿಂದೆ ಯಾರೂ ಇಲ್ಲದ್ದು ನೋಡಿ, "ಹಾಡೋರು ಯಾವಾಗ ಬರ್ತಾರೆ?" ಎಂದು ಕೇಳಿದ. ಮೇಷ್ಟ್ರು ಹನ್ನೊಂದು ವರ್ಷದ ಅಭ್ಯಾಸದಂತೆ "ಬರ್ತಾರೆ" ಎಂದು ಒಳಗೆ ನಡೆದರು. ಎಲಾಸ್ಟಿಕ್ ಪಟ್ಟಿ ಕಂಡು ಕ್ಲಚ್, ಈಜಲಿಕ್ಕೆ ಹೊರಟಿದ್ದೀಯೋ ನುಡಿಸಲಿಕ್ಕೋ ಎಂದು ಕೇಳಿದ. ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಇವನು ಹೇಳಿದ. ಅಂತೂ ಕಣ್ಣು ಕಾಣುತ್ತಿದೆಯಲ್ಲ, ಅಷ್ಟು ಸಾಕು ಎಂದರು ಮೇಷ್ಟ್ರು.

ನಿಜ ಹೇಳಬೇಕೆಂದರೆ ಆ ಸಂಜೆ ಅವರು ಚೆನ್ನಾಗಿ ನುಡಿಸಿದರು. ಇವನು ಒಂದು ಸ್ವರ ಹಿಡಿದು ನಿಂತ. ಮೇಷ್ಟ್ರು ಅದರ ಮೇಲೆ ಹತ್ತಿ ನಡೆದರು. ಕ್ಲಚ್ ಬೆಟ್ಟದ ರಸ್ತೆಯಲ್ಲಿ ಗಾಡಿ ಇಳಿಸುವಂತೆ ಎಚ್ಚರದಿಂದ ಹಿಂದೆ ಬಂದ. ನಾದ ತಾನಾಗಿ ತಿರುಗಿತು, ತಾನಾಗಿ ಏರಿತು. ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಮೇಷ್ಟ್ರ ಬೆರಳುಗಳು ಬಾಳೆಗೊನೆಯಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಮುಂದಿನ ಸಾಲಿನಲ್ಲಿ ಸಂಯೋಜಕಿ ಮೇಡಂ, ಅವರ ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ವಾರ್ಡನ್ ಅಮ್ಮ, ಅವರ ಹಿಂದೆ ತನ್ನ ಹೆಂಡತಿ. ಎಲ್ಲರನ್ನೂ ಅವನು ಸ್ಪಷ್ಟವಾಗಿ ಕಂಡ. ಹತ್ತೊಂಬತ್ತನೆಯ ನಿಮಿಷಕ್ಕೆ ನಾದವೆಲ್ಲ ಒಂದು ಕಡೆ ಬಂದು ಸೇರಿತು. ಇದೇ ಕ್ಷಣ ಎಂದು ಅವನ ಮನಸ್ಸು ಹೇಳಿತು. ಬಲಗೈಯನ್ನು, ಬೆಳಿಗ್ಗೆ ಕಂಡುಕೊಂಡ ಅದೇ ಗಾಂಭೀರ್ಯದಿಂದ, ಕನ್ನಡಕಕ್ಕೆ ಒಯ್ದು ಎಳೆದ.

ಕನ್ನಡಕ ಒಂದು ಗೇಣು ಮುಂದೆ ಬಂದು, ಟಪ್ಪೆಂದು ತಿರುಗಿ ಹೋಗಿ ಮೂಗಿಗೆ ಬಡಿಯಿತು.

ಅವನಿಗೆ ಅಲ್ಲಿಯೇ, ಅಷ್ಟು ಜನರ ಮುಂದೆ, ಎಲ್ಲವೂ ಅರ್ಥವಾಯಿತು. ಮತ್ತೊಮ್ಮೆ ಎಳೆದ. ಟಪ್. ಮೇಲಕ್ಕೆ ಹಣೆಗೆ ನೂಕಿದ. ಎಲಾಸ್ಟಿಕ್ ಅದನ್ನು ವಿಧೇಯವಾಗಿ ಕೆಳಗೆ ತಂದು ಕೂರಿಸಿತು. ಒಂದೇ ಕೈಯಿಂದಾಗುವ ಕೆಲಸವಲ್ಲವೆಂದು ಗಿಟಾರ್ ಬಿಟ್ಟು ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದ. ಅದು ಇನ್ನೂ ದೊಡ್ಡ ತಪ್ಪಾಯಿತು. ಒಬ್ಬರು ನುಡಿಸುವುದನ್ನು ಬಿಟ್ಟರೆ ಉಳಿದವರಿಗೆ ಜಾಗ ಬಿಟ್ಟುಕೊಟ್ಟಂತೆ ಎನ್ನುವುದು ಆ ತಂಡದ ಪದ್ಧತಿ. ಮೇಷ್ಟ್ರು ಕೃತಜ್ಞತೆಯಿಂದ ತಲೆಬಾಗಿ ಹೊಸದೊಂದು ದಾರಿ ಹಿಡಿದರು. ಕ್ಲಚ್ ಹುರುಪಿನಿಂದ ಗೇರ್ ಬದಲಾಯಿಸಿದ. ಅಕ್ಕನ ಹೊಲಿಗೆ ಬೆರಳಿಗೆ ಸಿಕ್ಕಿತು; ಬಿಚ್ಚುವುದು ದೂರ ಉಳಿಯಿತು, ಉಗುರೇ ಮುರಿಯಿತು. ಅವನು ಮತ್ತೆ ಗಿಟಾರ್ ಹಿಡಿದು ಬಾಯಿಬಿಟ್ಟು "ನಿಲ್ಸಿ" ಎಂದು ಕೂಗಿದ. ಆ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ.

ಅರ್ಧ ಗಂಟೆ ದಾಟಿತು. ಸಂಯೋಜಕಿ ಮೇಡಂ ಗಡಿಯಾರ ತೋರಿಸಿದರು. ತಾಳ ಚೆನ್ನಾಗಿದೆ ಎಂದರೆಂದುಕೊಂಡು ಮೇಷ್ಟ್ರು ನಕ್ಕರು. ಸಭಾಂಗಣದವರು ದೀಪ ಆರಿಸಿ ಹತ್ತಿಸಿ ಎಚ್ಚರಿಕೆ ಕೊಟ್ಟರು. ಇಷ್ಟು ಒಳ್ಳೆಯ ಬೆಳಕಿನ ವ್ಯವಸ್ಥೆ ತಮಗೆ ಎಂದೂ ಸಿಕ್ಕಿರಲಿಲ್ಲವೆಂದು ಕ್ಲಚ್ ಉಬ್ಬಿಹೋಗಿ ದೀಪದ ಲಯಕ್ಕೆ ಬಾರಿಸತೊಡಗಿದ. ಇಬ್ಬರೂ ಆಗಾಗ ಇವನ ಕಡೆ ನೋಡುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುವುದು ಕಂಡು, ಪೂರ್ಣವಿರಾಮ ಇವತ್ತು ಏನೋ ದೊಡ್ಡದನ್ನೇ ಯೋಚಿಸಿದ್ದಾನೆ ಎಂಬ ನಂಬಿಕೆಯಿಂದ ಮುಂದುವರಿಯುತ್ತಿದ್ದರು. ಆ ನಂಬಿಕೆ ಕಂಡು ಅವನಿಗೆ ಅಳುವೇ ಬಂತು.

ಆಗ ಕ್ಯಾಮೆರಾದವನ ಕಣ್ಣು ಅವನ ಮೇಲೆ ಬಿತ್ತು. ಮೇಷ್ಟ್ರ ಬೆರಳು ಎಷ್ಟೆಂದು ತೋರಿಸುವುದು. ಇಲ್ಲಿ ನೋಡಿದರೆ ಒಬ್ಬ ಮನುಷ್ಯ ಹಲ್ಲು ಕಚ್ಚಿ, ಬೆವರು ಸುರಿಸಿ, ಕತ್ತು ತಿರುಚಿ, ತನ್ನ ಮುಖದ ಜೊತೆ ತಾನೇ ಹೋರಾಡುತ್ತಿದ್ದಾನೆ. ಹನ್ನೊಂದು ವರ್ಷದಲ್ಲಿ ಯಾರೂ ತಿರುಗಿ ನೋಡದ ಬೇಸ್ ಗಿಟಾರಿನವನ ಮುಖ ಗೋಡೆಯಷ್ಟಗಲವಾಗಿ ಪರದೆಯ ಮೇಲೆ ಮೂಡಿತು. ಏಳಲು ಹೊರಟಿದ್ದವರು ಕೂತರು. ಎಂಥ ತಲ್ಲೀನತೆ ಎಂದು ಯಾರೋ ಅಂದರು. ಸಂಯೋಜಕಿ ಮೇಡಂ ಗಡಿಯಾರ ಮರೆತು ಮುಂದಕ್ಕೆ ಬಾಗಿದರು. ಇವನು ಇನ್ನೊಮ್ಮೆ ಎಳೆದ. ಎಡಗಡೆ ಕಡ್ಡಿಗೆ ಸುತ್ತಿದ್ದ ಪಟ್ಟಿ ಬೆವರಿಗೆ ಒಂದು ಅಂಗುಲ ಜಾರಿತು. ಪರದೆಯ ಮೇಲೆ, ಊಟದ ತಟ್ಟೆಯಷ್ಟು ದೊಡ್ಡದಾದ ಒಂದು ಕೆಂಪು ಬೊಟ್ಟು ಹೊಳೆಯಿತು.

ಮುಂದಿನ ಸಾಲಿನಲ್ಲಿ ವಾರ್ಡನ್ ಅಮ್ಮ ಎದ್ದು ನಿಂತರು.

ಅವರು ಎದುರಿಗಿದ್ದ ಮೆಟ್ಟಿಲನ್ನು ಕಾಲಲ್ಲಿ ತಡವಿಕೊಂಡು ಹತ್ತಿದರು. ವೇದಿಕೆಯ ಮೇಲೆ ಮೊದಲು ಧ್ವನಿವರ್ಧಕದ ಪೆಟ್ಟಿಗೆಯ ಹತ್ತಿರ ಹೋಗಿ, ಅದು ಅವನಲ್ಲವೆಂದು ಮುಟ್ಟಿ ತಿಳಿದು, ಇತ್ತ ತಿರುಗಿದರು. ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಪಕ್ಕದವನಿಗೆ, "ನೋಡು, ಹಾಡೋರು ಬಂದ್ರು" ಎಂದ. ಆ ಮಾತು ಸಾಲಿನಿಂದ ಸಾಲಿಗೆ ಹರಡಿ, ಜನ ಉಸಿರು ಬಿಗಿಹಿಡಿದರು.

ವಾರ್ಡನ್ ಅಮ್ಮ ಅವನ ಎದುರು ನಿಂತು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಮುಖ ತಂದು ನೋಡಿದರು. ತಪ್ಪಿತಸ್ಥನನ್ನು ಕಂಡ ಮುಖಭಾವ ಇಡೀ ಪರದೆ ತುಂಬಿತು. ಅವನಿಗೆ ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಮಧ್ಯಾಹ್ನವೆಲ್ಲ ಅವರ ಕನ್ನಡಕದಲ್ಲೇ ಅವರ ಕನ್ನಡಕ ಹುಡುಕಿದ್ದೆ ಎಂದುಕೊಂಡಾಗ ಗಿಟಾರಿನ ಮೇಲಿನ ಬೆರಳು ಮರಗಟ್ಟಿದವು. ಅವರು ಕೈಚೀಲ ತೆರೆದು ಕತ್ತರಿ ತೆಗೆದರು. ಅವನ ತಲೆಯ ಹಿಂದೆ ಕೈ ಹಾಕಿ ಒಂದೇ ಸಲ ಕತ್ತರಿಸಿದರು. ಕನ್ನಡಕವನ್ನು ಅವನ ಮೂಗಿನಿಂದ ಎತ್ತಿ ಕೈಯಲ್ಲಿ ಹಿಡಿದರು.

ಒಂದು, ಎರಡು, ಮೂರು, ನಾಲ್ಕು. ಮೇಷ್ಟ್ರೂ ಕ್ಲಚ್ಚೂ ಒಟ್ಟಿಗೆ ನಿಲ್ಲಿಸಿದರು. ಅಷ್ಟು ಒಪ್ಪವಾಗಿ ಅವರು ಎಂದೂ ನಿಲ್ಲಿಸಿರಲಿಲ್ಲ.

ವಾರ್ಡನ್ ಅಮ್ಮ ಸೆರಗಿನಲ್ಲಿ ಗಾಜು ಒರೆಸಿ, ಕನ್ನಡಕ ಹಾಕಿಕೊಂಡು, ಮೊದಲ ಬಾರಿಗೆ ಸಭಾಂಗಣವನ್ನೂ ಅಷ್ಟೂ ಜನರನ್ನೂ ನೋಡಿದರು. ಹಾಸ್ಟೆಲಿನ ರಾತ್ರಿಯ ಗದ್ದಲ ಅಡಗಿಸುತ್ತಿದ್ದ ಧ್ವನಿಯಲ್ಲಿ, ಹಾಡುವ ತಂಡಗಳಿಗೆಂದು ಅಂಚಿನಲ್ಲಿ ನಿಲ್ಲಿಸಿದ್ದ ಮೈಕಿನ ಮುಂದೆ ಒಂದೇ ಮಾತು ಹೇಳಿದರು.

"ಸಾಕು."

ಛಾವಣಿ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಜನ ಎದ್ದು ನಿಂತರು. ಹನ್ನೊಂದು ವರ್ಷ ಈ ಸದ್ದಿಗಾಗಿ ಕಾದವನಿಗೆ, ಅದು ಬಂದಾಗ ಒಬ್ಬರ ಮುಖವೂ ಕಾಣಲಿಲ್ಲ. ಎದುರಿಗೆ ಬಣ್ಣದ ಮಂಜು ಅಲುಗಾಡುತ್ತಿತ್ತು, ಅಷ್ಟೆ.

ತೆರೆಯ ಹಿಂದೆ ಸಂಯೋಜಕಿ ಮೇಡಂ ಓಡಿಬಂದರು. ಇಂಥ ಕಲ್ಪನೆ ತಾವು ಎಲ್ಲೂ ಕಂಡಿಲ್ಲ ಎಂದರು. ನಿಲ್ಲಿಸಲಾಗದ ನಾದ, ಅದರಲ್ಲಿ ಕಟ್ಟುಬಿದ್ದ ಒಬ್ಬ ಮನುಷ್ಯ, ಕೊನೆಗೆ ಕೇಳುಗರ ನಡುವಿನಿಂದಲೇ ಒಬ್ಬರು ಎದ್ದು ಬಂದು ಅವನನ್ನು ಬಿಡಿಸುವುದು. ಅರ್ಧ ಗಂಟೆಯವರೆಗೆ ತಮಗೆ ಏನೂ ಅರ್ಥವಾಗದೆ ಕೋಪ ಬಂದದ್ದನ್ನೂ ಅವರು ಮುಚ್ಚಿಡಲಿಲ್ಲ. ಮೇಷ್ಟ್ರು ಒಂದು ಕ್ಷಣವೂ ತಡವರಿಸದೆ, ಬಹಳ ವರ್ಷಗಳಿಂದ ಇದನ್ನೇ ಯೋಚಿಸುತ್ತಿದ್ದೆವು ಎಂದರು. ಹನ್ನೆರಡು ಊರುಗಳ ಪ್ರವಾಸವೂ 'ನೋಡೋಣ' ತಂಡಕ್ಕೇ ಎಂದರು ಮೇಡಂ. ಕ್ಲಚ್ ನಿಂತಲ್ಲೇ ಎರಡು ಸಲ ನೆಲ ಒತ್ತಿದ. ಇವನಿಗೆ ಮಾಡಿದ ತಪ್ಪಿಗೂ ಒಂದು ಒಳ್ಳೆಯ ಕೊನೆ ಇದೆಯೆಂದು ಅನ್ನಿಸಿ, ಕಣ್ಣು ತೇವವಾಯಿತು.

"ಒಂದೇ ಷರತ್ತು" ಎಂದರು ಮೇಡಂ. "ಹನ್ನೆರಡು ಊರಲ್ಲೂ ಮುಗಿಸೋರು ಈ ಅಮ್ಮನೇ. ಬೇರೆ ಯಾರೂ ಮುಗಿಸಬಾರದು."

ವಾರ್ಡನ್ ಅಮ್ಮ ಸ್ವಲ್ಪ ಯೋಚಿಸಿ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಗದರಿಸಲು ಯಾರೂ ಇಲ್ಲ, ಬರಬಹುದು ಎಂದರು. ಮುಂದಿನ ಸೀಟೇ ಬೇಕು, ಹಿಂದೆ ಕೂತರೆ ತಮಗೆ ತಲೆಸುತ್ತು ಬರುತ್ತದೆ ಎಂದೂ ಸೇರಿಸಿದರು.

"ಮತ್ತೆ ಇವರು?" ಎಂದು ಮೇಡಂ ನಮ್ಮವನ ಕಡೆ ತಿರುಗಿದರು. "ಕನ್ನಡಕ ಕಟ್ಟಿಸಿಕೊಂಡು ನಿಂತಿದ್ದೋರು. ಏನು ಅಭಿನಯ ರೀ ನಿಮ್ಮದು. ಜೊತೆಗೆ ಏನಾದ್ರೂ ನುಡಿಸ್ತೀರಾ?"

ಅವನು ಗಿಟಾರ್ ಎತ್ತಿ ತೋರಿಸುವಷ್ಟರಲ್ಲೇ ಫೋಟೋದವನು ಕರೆದ. ಎಲ್ಲರೂ ಒತ್ತಿಕೊಂಡು ನಿಂತರು. ಅವನೂ ಬೆನ್ನು ನೆಟ್ಟಗೆ ಮಾಡಿ, ನಗು ತಂದುಕೊಂಡು, ಎದುರಿಗೆ ಕಪ್ಪಗೆ ನಿಂತಿದ್ದ ಆಕೃತಿಯನ್ನೇ ನೋಡುತ್ತ ನಿಂತ. ಬೆಳಕು ಪಕ್ಕದಿಂದ ಮಿಂಚಿದಾಗಲೇ ತಾನು ನೋಡುತ್ತಿದ್ದುದು ಡ್ರಮ್ಸಿನ ಪೆಟ್ಟಿಗೆಯನ್ನು ಎಂದು ತಿಳಿದದ್ದು. ಫೋಟೋದಲ್ಲಿ ಮೂವರು ಬಂದಿದ್ದರು. ನಡುವೆ ವಾರ್ಡನ್ ಅಮ್ಮ. ಮೂವರ ತಂಡ ತಾನೇ, ಸರಿಯಾಗಿದೆ ಎಂದು ಫೋಟೋದವನು ಯಂತ್ರ ಮಡಿಸಿದ.

ಹೆಂಡತಿ ಬಂದು ಅವನ ಕೈ ಹಿಡಿದುಕೊಂಡಳು. ಮೆಟ್ಟಿಲು ಬಂತು, ಇಳೀರಿ, ಇನ್ನೊಂದು, ಎನ್ನುತ್ತ ಹೊರಗೆ ಕರೆದುಕೊಂಡು ಬಂದಳು. ರಸ್ತೆಯ ದೀಪಗಳ ಕೆಳಗೆ ಬಂದ ಮೇಲೆ, ತನ್ನ ಗಿಟಾರ್ ಏನಾದರೂ ಕೇಳಿಸಿತೇ ಎಂದು ಕೇಳಿದ.

"ಮೊದಲೆಲ್ಲ ಗೊತ್ತಾಗ್ಲಿಲ್ಲ ರೀ" ಎಂದಳು ಅವಳು. ಸು‍ಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಮಧ್ಯದಲ್ಲಿ ನೀವು ಕೈ ಬಿಟ್ಟಿರಲ್ಲ, ಆಗ ಕಾಲ ಕೆಳಗಿನ ನೆಲಾನೇ ಹೋದ ಹಾಗಾಯ್ತು. ಓ, ಇಷ್ಟು ಹೊತ್ತೂ ಇದ್ದಿದ್ದು ನಿಮ್ಮದೇ ಅಂತ ಆಗ ಗೊತ್ತಾಯ್ತು."

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಆ ಮಾತೊಂದನ್ನು ಹಾಸಿ ಹೊದ್ದು ಮಲಗಿಬಿಡಬಹುದು ಅನ್ನಿಸಿತು ಅವನಿಗೆ.

ಹಿಂದಿನಿಂದ ಮೇಷ್ಟ್ರ ಧ್ವನಿ ಕೇಳಿತು. "ಪೂರ್ಣವಿರಾಮ" ಎಂದು ಕೂಗಿದರು. ಇವನು ತಿರುಗಿದ. ಮುಗಿಸುವವರಿಗೆ ಆ ಹೆಸರೆಂದು ಅಷ್ಟರಲ್ಲಿ ಕೇಳಿ ತಿಳಿದಿದ್ದ ವಾರ್ಡನ್ ಅಮ್ಮನೂ ಮೇಷ್ಟ್ರ ಪಕ್ಕದಿಂದ "ಏನಪ್ಪ" ಎಂದರು. ಮೇಷ್ಟ್ರಿಗೆ ಇಬ್ಬರನ್ನು ಒಂದೇ ಹೆಸರಿನಿಂದ ಕರೆಯುವುದು ಲೆಕ್ಕಕ್ಕೆ ಹೊಂದಲಿಲ್ಲ.

"ಅಮ್ಮ, ನಿಮ್ಮನ್ನೇ ಕರೆದದ್ದು" ಎಂದರು ಅವರು. ಆಮೇಲೆ ಇವನ ಕಡೆ ತಿರುಗಿ, ಪ್ರೀತಿಯಿಂದಲೇ, "ಅಲ್ಪವಿರಾಮ, ನಾಳೆ ಸಂಜೆ ಗ್ಯಾರೇಜಿಗೆ ಬಂದ್ಬಿಡು. ಅಭ್ಯಾಸ ಇದೆ."

"ನಾವು ಯಾವತ್ತು ಅಭ್ಯಾಸ ಮಾಡಿದ್ದೀವಿ ಮೇಷ್ಟ್ರೇ? ಏನು ಅಭ್ಯಾಸ?"

"ಕನ್ನಡಕ ಕಟ್ಟಿಸಿಕೊಳ್ಳೋದು" ಎಂದರು ಮೇಷ್ಟ್ರು. "ಹಾಗೇ ನಿಮ್ಮ ಕೌಂಟರಿನ ಅಕ್ಕನ್ನೂ ಕರ್ಕೊಂಡು ಬಾ. ಮೇಡಂಗೆ ಹೊಲಿಗೆ ಇನ್ನೂ ಸ್ವಲ್ಪ ಬಿಗಿ ಇರಬೇಕಂತೆ."